ಸಾಹೇಬನಿಗೊಂದು ಪರಿಚಯದ ಸಹಿ

ನಗೆಪಾಟಲಾಗುವ ಸಂಗತಿಗಳಿಗೆ ನನ್ನ ವಿಳಾಸ ಯಾರು ಕೊಟ್ಟರೋ ಗೊತ್ತಿಲ್ಲ, ನಾನು ಜೀಪು ನಿಲ್ಲಿಸಿದ ಕಡೆಗೇ ಹುಡುಕಿಕೊಂಡು ಬರುತ್ತವೆ. ದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರ ಎತ್ತಿ ನಿಲ್ಲಿಸುತ್ತಿದ್ದ ಕಾಲದಲ್ಲಿ ನಾನು ಅಲ್ಲಿ ಜೀಪು ಓಡಿಸುತ್ತಿದ್ದೆ. ಓಡಿಸುತ್ತಿದ್ದೆ ಅಂದರೆ ಸುಮ್ಮನೆ ಅಲ್ಲ. ಆ ಗುಡ್ಡದ ಕಚ್ಚಾ ದಾರಿಯಲ್ಲಿ ನನ್ನಷ್ಟು ಸಲೀಸಾಗಿ ರಿವರ್ಸ್ ಹೊಡೆಯುವವನು ಹಿರಿಯೂರಿಂದ ಹೊಳಲ್ಕೆರೆವರೆಗೆ ಇನ್ನೊಬ್ಬ ಇರಲಿಲ್ಲ. ಇದನ್ನು ಜಂಬ ಅನ್ನುವವರು ಆ ದಾರಿಯಲ್ಲಿ ಒಂದು ಸಲ ಹಿಂದಕ್ಕೆ ಬಂದು ತೋರಿಸಲಿ.

ಇಡೀ ದುರ್ಗ ನನಗೆ ಗೊತ್ತು

ಕೆಲಸಕ್ಕೆ ಸೇರಿಸಿಕೊಳ್ಳಲು ಗಾಳಿಯಂತ್ರದ ಕಂಪನಿಯ ಬೆಂಗಳೂರಿನ ಆಫೀಸಿನಿಂದ ಬಂದಿದ್ದವರು ಕೇಳಿದ್ದು ಎರಡೇ ಪ್ರಶ್ನೆ.

"ಇಂಗ್ಲಿಷ್ ಬರುತ್ತಾ?"

"ಪಿಯುಸಿ ಸಾರ್, ಹಿರಿಯೂರು." ಇಂಗ್ಲಿಷ್ ಮೂರನೇ ಸಲಕ್ಕೆ ಪಾಸಾಗಿದ್ದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

"ಚಿತ್ರದುರ್ಗದಲ್ಲಿ ಜನರ ಪರಿಚಯ ಇದೆಯಾ?"

"ದುರ್ಗದಾಗೆ ನನಗೆ ಗೊತ್ತಿಲ್ಲದೋರು ಯಾರವ್ರೆ ಸಾರ್? ನನ್ ಹೆಸರು ಹೇಳಿ ನೋಡ್ರಿ, ಕೋಟೆ ಬಾಗಿಲು ತಾನೇ ತೆಕ್ಕಂತೈತೆ."

ನಮ್ಮೂರು ಹರಿಯಬ್ಬೆಯಿಂದ ದುರ್ಗಕ್ಕೆ ಬಂದು ಆಗ ನನಗೆ ಮೂರು ತಿಂಗಳು. ಪರಿಚಯದವರು ಅಂತ ಇದ್ದದ್ದು ಇಬ್ಬರು. ಬಸ್ ಸ್ಟ್ಯಾಂಡ್ ಹಿಂದೆ ಶೀಟಿನ ರೂಮು ಬಾಡಿಗೆಗೆ ಕೊಟ್ಟಿದ್ದ ಅಜ್ಜಿ, ಮತ್ತೆ ಮಂಡಕ್ಕಿ ಮೆಣಸಿನಕಾಯಿ ಅಂಗಡಿಯವನು. ಅಜ್ಜಿಗೆ ಕಿವಿ ಕೇಳುತ್ತಿರಲಿಲ್ಲ. ರಜೆಯ ದಿನ ಬೆಳಗಿಂದ ಸಂಜೆವರೆಗೆ ನನ್ನ ಬಾಯಿಂದ ಒಂದು ಮಾತೂ ಹೊರಗೆ ಬೀಳದೆ ಹೋಗಿದ್ದುಂಟು. ಒಂದು ದಿನ ಗಂಟಲು ಇದೆಯೋ ಇಲ್ಲವೋ ನೋಡೋಣ ಅಂತ ಗೋಡೆ ಮೇಲಿನ ಕ್ಯಾಲೆಂಡರನ್ನು ಜೋರಾಗಿ ಓದಿದ್ದೆ, ಅಮಾವಾಸ್ಯೆ ಹುಣ್ಣಿಮೆ ಸಮೇತ.

ಊರಿಗೆ ಹೋದಾಗ ಮಾತ್ರ ಕುರಿಹಟ್ಟಿಯ ಪಕ್ಕದ ಕಟ್ಟೆ ಮೇಲೆ ಕುಂತು, "ದುರ್ಗದಾಗೆ ನಾನು ಹೊಂಟ್ರೆ ರಸ್ತೆ ತುಂಬ ನಮಸ್ಕಾರ ಕಣ್ರಲೇ" ಅಂತ ಬಿಡುತ್ತಿದ್ದೆ. ಎಲ್ಲರೂ ಬಾಯಿ ಬಿಟ್ಟು ಕೇಳುತ್ತಿದ್ದರು. ನಮ್ಮ ದೊಡ್ಡಪ್ಪ ಒಬ್ಬ ಮಾತ್ರ ಬೀಡಿಯ ತುದಿ ನೋಡುತ್ತಾ ಹೇಳುತ್ತಿದ್ದ:

"ರಸ್ತೆ ನಿನಗೆ ಅಡ್ಡಬಿತ್ತೋ, ನೀನು ರಸ್ತೆಗೆ ಅಡ್ಡಬಿದ್ದಿದ್ಯೋ, ಸರಿಯಾಗಿ ನೋಡ್ಕಂಡು ಬಾರಪ್ಪ."

ತಂದೆಯ ಹೆಸರು

ಸಾಹೇಬ ಬಂದದ್ದು ಡೆನ್ಮಾರ್ಕಿನಿಂದ. ಐವತ್ತರ ಆಸುಪಾಸು, ಜೀಪಿನೊಳಗೆ ಮೂರು ಮಡಿಕೆಯಾಗಿ ಕೂರಬೇಕಾದಷ್ಟು ಉದ್ದ. ಗಾಳಿಯಂತ್ರದ ರೆಕ್ಕೆ ಜೋಡಿಸುವುದರಲ್ಲಿ ಅವನು ದೊಡ್ಡ ತಜ್ಞ. ಒಬ್ಬನೇ ಬಂದಿದ್ದ. ಹೊಳಲ್ಕೆರೆ ರಸ್ತೆಯಲ್ಲಿ ಒಂದು ಮನೆಯ ಮಹಡಿ ಹಿಡಿದುಕೊಟ್ಟಿದ್ದರು.

ಬಂದ ವಾರಕ್ಕೇ ಬೆಂಗಳೂರಿನ ಆಫೀಸಿನಿಂದ ಹುಕುಂ ಬಂತು. ಸಾಹೇಬನ ಇಲ್ಲಿನ ಖರ್ಚಿನ ದುಡ್ಡು ಇನ್ನು ಮೇಲೆ ಬ್ಯಾಂಕಿಗೇ ಹಾಕುವುದು, ತಿಂಗಳೊಳಗೆ ದುರ್ಗದಲ್ಲಿ ಅಕೌಂಟ್ ಆಗಬೇಕು. ಆಗದಿದ್ದರೆ ಸಾಹೇಬ ಬೆಂಗಳೂರಿನಲ್ಲಿ ಇರುವುದು, ಬೇಕಾದಾಗ ಅಲ್ಲಿಂದಲೇ ಕಾರಿನಲ್ಲಿ ಬಂದು ಹೋಗುವುದು. ಅಂದರೆ ನನ್ನ ಜೀಪಿಗೆ ರಾಮರಾಮ, ನಾನು ವಾಪಸ್ ಹರಿಯಬ್ಬೆಗೆ, ದೊಡ್ಡಪ್ಪನ ಬೀಡಿಯ ಮುಂದಕ್ಕೆ.

"ನೀವು ಸುಮ್ಕೆ ಕುಂತ್ಕಳ್ರಿ ಸಾರ್," ಅಂದೆ ಸಾಹೇಬನಿಗೆ, ನನ್ನ ಇಂಗ್ಲಿಷಿನಲ್ಲಿ. "ನನ್ನ ಊರಿನ ಬ್ಯಾಂಕು. ಅರ್ಧ ಗಂಟೆ ಕೆಲಸ."

ಬ್ಯಾಂಕಿನ ಗುಮಾಸ್ತ ಪಾಸ್‌ಪೋರ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದಿರಲಿ, ರೇಷನ್ ಕಾರ್ಡ್ ಐತಾ?" ಅಂದ. ಸೀಮೆಎಣ್ಣೆ, ಸಕ್ಕರೆ ಕೊಡುವ ಕಾರ್ಡು ಅಂತ ಸಾಹೇಬನಿಗೆ ವಿವರಿಸಿದೆ. ತನಗೆ ಸಕ್ಕರೆ ಬೇಡ, ಡಾಕ್ಟರು ಬಿಡಿಸಿದ್ದಾರೆ ಅಂತ ಅವನು ಗುಮಾಸ್ತನಿಗೆ ವಿನಯದಿಂದ ತಿಳಿಸಿದ. ಕೊನೆಗೆ ಕಂಪನಿಯ ಕಾಗದ ನೋಡಿ ಫಾರಂ ಕೊಟ್ಟರು.

ಮೇಜಿಗೆ ದಾರದಿಂದ ಕಟ್ಟಿಹಾಕಿದ್ದ ಪೆನ್ನು ಹಿಡಿದು, ದಾರ ಸಾಲದೆ ಬಗ್ಗಿಕೊಂಡು ಸಾಹೇಬ ಬರೆಯತೊಡಗಿದ. ಎರಡನೇ ಸಾಲಿಗೆ ಬಂದು ನಿಂತ. 'ತಂದೆಯ ಹೆಸರು' ಅಂತಿತ್ತು. ಒಂದು ನಿಮಿಷವಾಯಿತು, ಎರಡಾಯಿತು. ಹಿಂದೆ ನಿಂತವರು ಗೊಣಗಿದರು.

"ಬರೀರಿ ಸಾರ್, ಅಪ್ಪನ ಹೆಸರು ಅಷ್ಟೇ," ಅಂದೆ.

ಅಪ್ಪನ ಜೊತೆ ಮಾತು ಬಿಟ್ಟು ಒಂಬತ್ತು ವರ್ಷವಾಯಿತು ಅಂತ ಮೆಲ್ಲಗೆ ಹೇಳಿದ. ನಾನು ಅದನ್ನು ಕನ್ನಡ ಮಾಡಿ ಗುಮಾಸ್ತನಿಗೆ ಹೇಳಿದೆ. ಹೇಳಬಾರದಿತ್ತೇನೋ, ಇಡೀ ಸಾಲು ನಮ್ಮ ಕಡೆ ನೋಡಿತು. ಗುಮಾಸ್ತ ಮಾತ್ರ ತಲೆ ಎತ್ತದೆ ಅಂದ:

"ಮಾತು ಬಿಟ್ರೆ ಹೆಸರು ಬಿಟ್ಟೋಗ್ತೈತೇನ್ರಿ? ನಾನೂ ನಮ್ಮಪ್ಪನ ಹತ್ರ ಮಾತಾಡಲ್ಲ. ಆದ್ರೆ ಸಂಬಳದ ಕಾಗದದಾಗೆ ಪ್ರತಿ ತಿಂಗಳೂ ಅವರೇ ನನ್ ಪಕ್ಕ ಬಂದು ಕುಂತಿರ್ತಾರೆ."

ಈರುಳ್ಳಿ ಜಾಸ್ತಿ

ಫಾರಂ ತುಂಬಿ ಕೊಟ್ಟೆವು. ಗುಮಾಸ್ತ ಕೆಳಗಿನ ಮೂಲೆಗೆ ಬೆರಳಿಟ್ಟ. "ಪರಿಚಯದವರ ಸಹಿ ಎಲ್ಲಿ?"

ಆಗಿನ ಕಾಲದಲ್ಲಿ ಅದೊಂದು ಪದ್ಧತಿ. ಬ್ಯಾಂಕಿಗೆ ಹೊಸಬ ಬಂದರೆ, ಅಲ್ಲಿ ಆರು ತಿಂಗಳಿಂದ ಅಕೌಂಟ್ ಇರುವ ಯಾರಾದರೂ 'ಇವನು ನನಗೆ ಗೊತ್ತು' ಅಂತ ಸಹಿ ಹಾಕಬೇಕು. ಪಾಸ್‌ಪೋರ್ಟಿಗೆ ದೇಶದ ಮೊಹರು ಇದ್ದರೂ ಅಷ್ಟೇ, ರಾಜನ ಕಾಗದ ಇದ್ದರೂ ಅಷ್ಟೇ. ಊರಿನವನೊಬ್ಬ 'ಗೊತ್ತು' ಅನ್ನಬೇಕು.

ನಾನು ಎದೆ ಉಬ್ಬಿಸಿ ಅಂಗಿ ತೋಳು ಮಡಚಿದೆ. "ಅದಕ್ಯಾಕೆ ಚಿಂತೆ? ಕೊಡ್ರಿ ಇಲ್ಲಿ ಪೆನ್ನು."

"ನಿಮ್ಮ ಅಕೌಂಟ್ ನಂಬರ್?"

ನನ್ನ ಸಂಬಳ ಕವರಿನಲ್ಲಿ ಬರುತ್ತಿತ್ತು. ಅಕೌಂಟ್ ಎಲ್ಲಿಂದ ಬರಬೇಕು? ಪೆನ್ನು ಕೆಳಗಿಟ್ಟೆ. ಸಾಹೇಬ ಏನಾಯಿತು ಅಂತ ಕೇಳಿದ. "ನಂಬರ್ ಮನೇಲಿ ಬಿಟ್ಟು ಬಂದೀನಿ ಸಾರ್," ಅಂದೆ.

ಸಂಜೆ ಮಂಡಕ್ಕಿ ಅಂಗಡಿಗೆ ಹೋದೆ. ಅವನಿಗೆ ಆ ಬ್ಯಾಂಕಿನಲ್ಲಿ ಅಕೌಂಟ್ ಇದೆ ಅಂತ ಗೊತ್ತಿತ್ತು. ಇಷ್ಟು ತಿಂಗಳು ದಿನಾ ಅವನ ಕೈಯ ಮಂಡಕ್ಕಿ ತಿಂದವನು ನಾನು. ಸಲುಗೆಯಿಂದ, "ಅಣ್ಣ, ಒಂದು ಸಹಿ ಬೇಕಿತ್ತು. ನಮ್ಮ ಸಾಹೇಬ ನಿನಗೆ ಗೊತ್ತಿಲ್ದಿದ್ರೂ ನಾನು ಗೊತ್ತಲ್ಲ, ಆ ಧೈರ್ಯದ ಮೇಲೆ ಹಾಕು," ಅಂದೆ.

ಅವನು ಬಾಣಲೆಯಲ್ಲಿದ್ದ ಮೆಣಸಿನಕಾಯಿ ತಿರುವಿ ಹಾಕಿ, ಹೊಗೆಯ ಮಧ್ಯೆ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದ.

"ಗೊತ್ತಿಲ್ದೆ ಏನಪ್ಪ. ನೀನು ಈರುಳ್ಳಿ ಜಾಸ್ತಿ ಅಲ್ವಾ?"

"ಹೂಂ, ಹೆಸರು?"

"ಅದೇ ಹೇಳಿದ್ನಲ್ಲ. ಈರುಳ್ಳಿ ಜಾಸ್ತಿ. ನಿನ್ ಪಕ್ಕ ನಿಂತಾನಲ್ಲ, ಅವನು ನಿಂಬೆಹಣ್ಣು ಬ್ಯಾಡ."

ಪಕ್ಕದಲ್ಲಿ ನಿಂತಿದ್ದವನು ನನಗೆ ತಲೆಬಾಗಿ ನಮಸ್ಕಾರ ಮಾಡಿದ. ದುರ್ಗದಲ್ಲಿ ನನಗೆ ಬಿದ್ದ ಮೊದಲ ನಮಸ್ಕಾರ ಅದೇ.

ಬರುವವರೂ ಇಲ್ಲ, ಹೋಗುವವರೂ ಇಲ್ಲ

ಸಾಹೇಬನಿಗೆ ಒಂದು ವಿಚಿತ್ರ ಚಟವಿತ್ತು. ಭಾನುವಾರ ಬಂದರೆ ಚಿಕ್ಕಜಾಜೂರಿಗೆ ಬಿಡು ಅನ್ನುತ್ತಿದ್ದ. ಅಲ್ಲಿ ಏನಿದೆ ಅಂತ ಕೇಳಬೇಡಿ. ರೈಲು ಜಂಕ್ಷನ್ ಇದೆ, ಕಲ್ಲಿನ ಬೆಂಚಿದೆ, ಚಹಾ ಇದೆ. ಸಾಹೇಬ ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು ಆ ಬೆಂಚಿನ ಮೇಲೆ ಸಂಜೆವರೆಗೆ ಕೂರುತ್ತಿದ್ದ. ರೈಲು ಬಂದರೆ ಎದ್ದು ನಿಲ್ಲುತ್ತಿದ್ದ. ಇಳಿದವರನ್ನು ಮನೆಯವರು ಕರೆದುಕೊಂಡು ಹೋಗುವುದನ್ನು, ಮಗಳನ್ನು ಕಳಿಸಲು ಬಂದವರು ಕಿಟಕಿ ಹಿಡಿದು ಓಡುವುದನ್ನು ನೋಡಿ, ರೈಲು ಹೋದ ಮೇಲೆ ಮತ್ತೆ ಕೂರುತ್ತಿದ್ದ. ನಾನು ಜೀಪಿನಲ್ಲಿ ನಿದ್ದೆ ಹೊಡೆಯುತ್ತಿದ್ದೆ. ನಿದ್ದೆ ಬರದ ದಿನ ನಾನೂ ಹೋಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಕುಂತಿದ್ದುಂಟು. ಅದನ್ನು ಊರಲ್ಲಿ ಹೇಳಿಲ್ಲ.

ಮಂಡಕ್ಕಿ ಅಂಗಡಿಯಲ್ಲಿ ಮುಖಭಂಗವಾದ ಮೇಲೆ ನನಗೆ ಸ್ಟೇಷನ್ ಮಾಸ್ಟರು ನೆನಪಾದರು. ಅವರ ಸಂಸಾರ ದುರ್ಗದಲ್ಲೇ, ಅಕೌಂಟ್ ಅದೇ ಬ್ಯಾಂಕಿನಲ್ಲಿ. ಸಾಹೇಬನನ್ನು ಅವರು ಪ್ರತಿ ಭಾನುವಾರ ಕಣ್ಣಾರೆ ನೋಡಿದ್ದಾರೆ. ಇನ್ನೇನು ಬೇಕು? ಹೋಗಿ ಫಾರಂ ಮುಂದಿಟ್ಟೆ.

"ನೋಡಪ್ಪ," ಅಂದರು ಕನ್ನಡಕ ತೆಗೆದು. "ನನ್ ಕೆಲಸದಾಗೆ ಮನುಷ್ಯರು ಎರಡೇ ಜಾತಿ. ಬರೋರು, ಹೋಗೋರು. ನಿಮ್ ಸಾಹೇಬ ನಾಲ್ಕು ಭಾನುವಾರದಿಂದ ಇಲ್ಲೇ ಅವ್ನೆ. ಯಾರೂ ಬರಲ್ಲ, ಎಲ್ಲಿಗೂ ಹೋಗಲ್ಲ. ನಾಳೆ ಬ್ಯಾಂಕಿನೋರು ಇವನು ಯಾರು ಅಂದ್ರೆ ನಾನೇನು ಹೇಳ್ಲಿ?"

"ಬೆಂಚಿನ ಮೇಲೆ ಕುಂತಿರ್ತಾನೆ ಅನ್ರಿ ಸಾರ್."

"ಹಂಗಂದ್ರೆ ಆ ಬೆಂಚೇ ಸಹಿ ಹಾಕ್ಲಿ ಬಿಡಪ್ಪ. ನನಗಿಂತ ಅದಕ್ಕೇ ಚೆನ್ನಾಗಿ ಗೊತ್ತೈತೆ."

ಗಾಳಿಯಲ್ಲಿ ಕತ್ತರಿ

ತಿಂಗಳು ಮುಗಿಯಲು ಐದು ದಿನವಿತ್ತು. ಜೀಪು ತೊಳೆಯುವಾಗ ಇದೇ ಕೊನೆಯ ಸಲವೇನೋ ಅನ್ನಿಸಿ ಚಕ್ರಕ್ಕೆಲ್ಲ ಸೋಪು ಹಾಕುತ್ತಿದ್ದೆ. ಅವತ್ತು ಸಾಹೇಬ ಕಟಿಂಗ್ ಶಾಪಿಗೆ ಬಿಡು ಅಂದ. ಇದು ಅವನ ಎರಡನೇ ಚಟ. ವಾರಕ್ಕೊಂದು ಸಲ ಕಟಿಂಗ್. ಬಂದಾಗ ಕಿವಿ ಮುಚ್ಚುವಷ್ಟಿದ್ದ ಕೂದಲು ಈಗ ಜೋಳ ಕೊಯ್ದ ಹೊಲದ ಕೂಳೆಯಂತಾಗಿತ್ತು. ಆದರೂ ಪ್ರತಿ ವಾರ ಅರ್ಧ ಗಂಟೆ ಕತ್ತರಿಯ ಸದ್ದು ಕೇಳುತ್ತಿತ್ತು. ನಾನು ಹೊರಗೆ ಕಾಯುತ್ತಾ, ಕತ್ತರಿಸಲು ಇನ್ನೇನು ಉಳಿದಿದೆ ಇವನ ತಲೆಯಲ್ಲಿ ಅಂದುಕೊಳ್ಳುತ್ತಿದ್ದೆ.

ಅವತ್ತು ತಡೆಯಲಾರದೆ ಒಳಗೆ ಹೋಗಿ ನೋಡಿದೆ. ಸಾಹೇಬ ಕಣ್ಣು ಮುಚ್ಚಿ ಕುಂತಿದ್ದ. ಅಂಗಡಿಯ ಅಣ್ಣ ಅವನ ತಲೆಯಿಂದ ನಾಲ್ಕು ಬೆರಳು ಮೇಲೆ, ಬರೀ ಗಾಳಿಯಲ್ಲಿ ಕತ್ತರಿ ಆಡಿಸುತ್ತಾ, ತನ್ನ ಮಗಳ ಮದುವೆ ವಿಷಯ, ಹೊಸದುರ್ಗದ ಬೀಗರ ವಿಷಯ, ತನ್ನ ಮಂಡಿ ನೋವಿನ ವಿಷಯ ಎಲ್ಲ ಹೇಳುತ್ತಿದ್ದ. ಸಾಹೇಬ "ಹೌದಾ, ಹೌದಾ" ಅನ್ನುತ್ತಿದ್ದ.

"ಅಣ್ಣ, ಕೂದ್ಲೇ ಇಲ್ವಲ್ಲ," ಅಂತ ಪಿಸುಗುಟ್ಟಿದೆ.

"ಮೆಲ್ಲಗೆ ಮಾತಾಡಲೇ. ಕೂದ್ಲು ಮುಗಿದು ಎರಡು ವಾರ ಆತು. ಮಾತು ಮುಗಿದಿಲ್ಲ. ಎದ್ದೇಳು ಅಂತ ಹೆಂಗೆ ಅನ್ನಾಣ?"

ನಾನು ಜೋರಾಗಿ ಕೇಳಿದೆ, "ಅಣ್ಣ, ಆ ಬ್ಯಾಂಕಿನಾಗೆ ನಿನಗೆ ಅಕೌಂಟ್ ಐತಾ?"

"ಮಗಳು ಹುಟ್ಟಿದಾಗಿಂದ ಐತೆ. ಯಾಕೆ, ನಿನಗಿಲ್ವಾ?"

"ನನಗಾ? ಮೂರು ಬ್ಯಾಂಕಿನಾಗೆ ಅವೆ. ಯಾವುದು ಎಲ್ಲಿ ಅಂತ ನೆನಪಿಟ್ಕಳ್ಳೋದೇ ಕಷ್ಟ," ಅಂದೆ. ಈ ಮಾತು ನೆನಪಿಡಿ, ಮುಂದೆ ನನ್ನ ಕೊರಳಿಗೇ ಸುತ್ತಿಕೊಂಡಿತು.

ಸಹಿಯ ವಿಷಯ ಹೇಳಿದ ತಕ್ಷಣ ಅಣ್ಣ ಅಂಗಡಿಗೆ ಬೀಗ ಹಾಕಿ ನಮ್ಮ ಜೀಪಿನಲ್ಲೇ ಬ್ಯಾಂಕಿಗೆ ಬಂದ. ಮೇನೇಜರು ಅನುಮಾನದಿಂದ ಕೇಳಿದರು, "ಇವರು ಫಾರಿನ್ನೋರು. ಇವರ ವಿಷಯ ನಿಮಗೆ ಏನು ಗೊತ್ತು?"

"ತಲೆ ತಂದು ನನ್ ಕೈಗೆ ಕೊಟ್ಟು ಕಣ್ ಮುಚ್ಕಂಡು ಕುಂತ್ಕಂತಾರೆ ಸಾರ್. ಕತ್ತಿ ನನ್ ಕೈಯಾಗಿರ್ತೈತೆ. ನೀವು ಹೇಳ್ರಿ, ನಿಮ್ ಬ್ಯಾಂಕಿನಾಗೆ ಇಷ್ಟು ನಂಬಿಕೆ ಇಟ್ಟಿರೋ ಗಿರಾಕಿ ಯಾರವ್ರೆ?"

"ಎಷ್ಟು ದಿನದ ಪರಿಚಯ?"

ಅಣ್ಣ ಬೆರಳು ಮಡಚಿ ಲೆಕ್ಕ ಹಾಕಿದ. "ಎರಡು ಕಟಿಂಗು ಕೂದ್ಲಿದ್ದಂಗೆ, ಎರಡು ಕೂದ್ಲಿಲ್ದಂಗೆ."

ನಲವತ್ತಮೂರು

ಅಕೌಂಟ್ ಆಯಿತು, ಸಾಹೇಬ ದುರ್ಗದಲ್ಲೇ ಉಳಿದ, ಜೀಪು ನನ್ನ ಕೈಯಲ್ಲೇ ಉಳಿಯಿತು. ಎಲ್ಲವೂ ನನ್ನಿಂದಲೇ ಆಯಿತು ಅಂತ ಊರಲ್ಲಿ ಹೇಳಿಕೊಂಡೆ, ಅದು ಬೇರೆ ವಿಷಯ.

ಮೊದಲ ಸಲ ದುಡ್ಡು ತೆಗೆಯಲು ಹೋದಾಗ ನಾನು ಹೊರಗೆ ಎಳನೀರಿನವನಿಗೆ ಡೆನ್ಮಾರ್ಕಿನ ಹವಾಮಾನ ವಿವರಿಸುತ್ತಾ ನಿಂತುಬಿಟ್ಟೆ. ಐದೇ ನಿಮಿಷಕ್ಕೆ ಸಾಹೇಬ ಮುಖ ಅರಳಿಸಿಕೊಂಡು ಹೊರಗೆ ಬಂದ. "ಆತಾ ಸಾರ್?" ಅಂದೆ. ಆಯಿತು ಅಂದ. ಗುಡ್ಡಕ್ಕೆ ಹೋದೆವು.

ಮಾರನೇ ದಿನ ಬೆಳಿಗ್ಗೆ ಬ್ಯಾಂಕಿನ ಜವಾನ ಸೈಕಲ್ ತುಳಿದುಕೊಂಡು ಸಾಹೇಬನ ಮನೆ ಬಾಗಿಲಿಗೆ ಬಂದಿದ್ದ. ಬೆವರು ಒರೆಸಿಕೊಂಡು, "ನಲವತ್ತಮೂರು ಎಲ್ಲಿ?" ಅಂದ. ನಿನ್ನೆ ದುಡ್ಡು ತೆಗೆಯುವ ಚೀಟಿ ಕೊಟ್ಟವರಿಗೆ ಹಿತ್ತಾಳೆ ಟೋಕನ್ ಕೊಟ್ಟಿದ್ದರು. ನಂಬರ್ ಕೂಗಿದಾಗ ಟೋಕನ್ ಕೊಟ್ಟು ದುಡ್ಡು ತೆಗೆದುಕೊಳ್ಳಬೇಕು. ಕ್ಯಾಶಿಯರು ಬಾಗಿಲು ಹಾಕುವವರೆಗೆ "ನಲವತ್ತಮೂರು, ನಲವತ್ತಮೂರು" ಅಂತ ಕೂಗಿ ಗಂಟಲು ಕೂರಿಸಿಕೊಂಡಿದ್ದರಂತೆ.

ಒಳಗೆ ಹೋಗಿ ನೋಡಿದರೆ ಟೋಕನ್ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಒರೆಸಿ ಒರೆಸಿ ಫಳಫಳ ಮಾಡಿದ್ದ. ಆ ಮನೆಯ ಗೋಡೆಯ ಮೇಲೆ ಇದ್ದದ್ದು ಅದೊಂದೇ.

ವಿಷಯ ತಿಳಿಸಿದಾಗ ಸಾಹೇಬನ ಮುಖ ಸಣ್ಣದಾಯಿತು. ಮೊಳೆಯಿಂದ ತೆಗೆದು ಜವಾನನ ಕೈಗೆ ಕೊಡುತ್ತಾ ಹೇಳಿದ, ಇದು ನಮ್ಮವನಾದೆ ಅಂತ ಊರು ಕೊಡುವ ಬಿಲ್ಲೆ ಅಂದುಕೊಂಡಿದ್ದೆ, ಅಕ್ಕನಿಗೆ ಕಾಗದ ಕೂಡ ಬರೆದು ಹಾಕಿಬಿಟ್ಟೆ. ನಾನು ಕನ್ನಡ ಮಾಡಿ ಜವಾನನಿಗೆ ತಿಳಿಸಿದೆ. ಅವನು ಟೋಕನನ್ನು ಜೇಬಿಗೆ ಹಾಕಿಕೊಂಡು ಸೈಕಲ್ ಹತ್ತಿ ಅಂದ:

"ಹಂಗೇನಾದ್ರೂ ಕೊಡ್ತಿದ್ರೆ ಮೂವತ್ತು ವರ್ಷ ಬಾಗ್ಲು ಕಾದ ನನಗೆ ಒಂದನೇ ನಂಬರ್ ಕೊಡ್ತಿದ್ರು ಅಂತ ಹೇಳ್ರಿ ಸಾಹೇಬ್ರಿಗೆ."

ಹರಿಯಬ್ಬೆಯವನಿಗೆ ಡೆನ್ಮಾರ್ಕಿನವನು

ಸಾಹೇಬ ದುರ್ಗ ಬಿಟ್ಟದ್ದೂ ಚಿಕ್ಕಜಾಜೂರಿನಿಂದಲೇ. ಆ ದಿನ ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡವನು ನಾನು. ಅವನನ್ನು ಕಳಿಸಲು ಬಂದವನು ಒಬ್ಬ ಇದ್ದ ಅಂತ ಸ್ಟೇಷನ್ ಮಾಸ್ಟರಿಗೂ ತೋರಿಸಿದೆ. ಅದಕ್ಕೆ ಒಂದು ವಾರ ಮುಂಚೆ ನಡೆದದ್ದು ಇದು.

ಗಾಳಿಯಂತ್ರಗಳನ್ನೆಲ್ಲ ಎತ್ತಿ ನಿಲ್ಲಿಸಿ ಮುಗಿಯಿತು. ನೋಡಿಕೊಳ್ಳುವ ಕೆಲಸ ಬೇರೆ ಕಂಪನಿಗೆ ಹೋಯಿತು. ಹೊಸ ಕಂಪನಿಯವರು, "ಸಂಬಳ ಬ್ಯಾಂಕಿಗೇ. ಶನಿವಾರದೊಳಗೆ ಪಾಸ್‌ಬುಕ್ ತೋರಿಸಿದ ಡ್ರೈವರುಗಳು ಇರಬಹುದು, ಮಿಕ್ಕವರು ಹೋಗಬಹುದು" ಅಂದರು.

ಪಾಸ್‌ಬುಕ್ ಬೇಕಾದರೆ ಪರಿಚಯದ ಸಹಿ ಬೇಕು. ಮಂಡಕ್ಕಿಯವನಿಗೆ ನಾನು ಈರುಳ್ಳಿ. ಕಟಿಂಗ್ ಶಾಪಿನ ಅಣ್ಣನನ್ನು ಕೇಳೋಣ ಅಂದರೆ ಮೂರು ಬ್ಯಾಂಕಿನ ಬುರುಡೆ ಬಿಟ್ಟಾಗಿತ್ತು. ಒಂದು ವರ್ಷದಿಂದ ಅವನು ಯಾವ ಗಿರಾಕಿ ಬಂದರೂ ನನ್ನನ್ನು ತೋರಿಸಿ, "ಈ ಹುಡುಗಂಗೆ ಮೂರು ಅಕೌಂಟು" ಅನ್ನುತ್ತಿದ್ದ. ಬುಧವಾರ ಹೋಯಿತು, ಗುರುವಾರ ಹೋಯಿತು. ಶುಕ್ರವಾರ ಗುಡ್ಡದಿಂದ ಇಳಿಯುವಾಗ ಸಾಹೇಬ ಕೇಳಿದ, ಎರಡು ದಿನದಿಂದ ಜೀಪಿನಲ್ಲಿ ಬರೀ ಎಂಜಿನ್ ಸದ್ದು ಕೇಳುತ್ತಿದೆ, ನಿನಗೆ ಏನಾಗಿದೆ?

ಜೀಪು ಪಕ್ಕಕ್ಕೆ ಹಾಕಿದೆ. ದುರ್ಗಕ್ಕೆ ಬಂದ ಮೇಲೆ ಮೊದಲನೇ ಸಲ, ಯಾವ ಒಗ್ಗರಣೆಯೂ ಇಲ್ಲದೆ ನಿಜ ಹೇಳಿದೆ. ನನಗೆ ಅಕೌಂಟ್ ಇಲ್ಲ. ಯಾವತ್ತೂ ಇರಲಿಲ್ಲ. ಈ ಊರಲ್ಲಿ ನಾನು ಗೊತ್ತು ಅನ್ನುವವರು ಯಾರೂ ಇಲ್ಲ.

ಸಾಹೇಬ ಕಟಿಂಗ್ ಶಾಪಿನ ಅಣ್ಣನ ಅಂಗಡಿಯಲ್ಲಿ ಕಲಿತ ಕನ್ನಡದಲ್ಲಿ, "ನಡಿಯಪ್ಪ, ಹೋಗಾಣ," ಅಂದ.

ಬ್ಯಾಂಕಿನಲ್ಲಿ ಅದೇ ಗುಮಾಸ್ತ. "ಏನಪ್ಪ, ಸಾಹೇಬ್ರು ಅಕೌಂಟ್ ಕ್ಲೋಸ್ ಮಾಡ್ತಾರಾ?"

"ಇಲ್ಲ, ನಂದು ಓಪನ್ನು."

"ಪರಿಚಯ ಯಾರು?"

ಹಿಂದಿನಿಂದ ಸಾಹೇಬ ಇಸ್ಕೂಲು ಹುಡುಗನಂತೆ ಕೈ ಎತ್ತಿದ. ಅವನ ಉದ್ದಕ್ಕೆ ಕೈ ಫ್ಯಾನಿಗೆ ತಗಲುವುದು ಸ್ವಲ್ಪದರಲ್ಲಿ ತಪ್ಪಿತು. ಗುಮಾಸ್ತ ಪೆನ್ನು ಕೆಳಗಿಟ್ಟ, ಕ್ಯಾಶಿಯರು ಪಂಜರದಿಂದ ಇಣುಕಿದರು, ಜವಾನ ನಗು ತಡೆಯಲಾರದೆ ಫೈಲು ಹಿಡಿದು ಹೊರಗೆ ಹೋದ. ಮೇನೇಜರೇ ಎದ್ದು ಬಂದರು.

"ಏನಪ್ಪ, ನೀನು ಇದೇ ಜಿಲ್ಲೆಯೋನು. ನಿನ್ನನ್ನ ಗುರುತು ಹೇಳೋಕೆ ಡೆನ್ಮಾರ್ಕಿನೋರು ಬರ್ಬೇಕಾತಾ?"

"ಸಾರ್, ನನಗೆ ಇಡೀ ದುರ್ಗ…" ಅಂತ ಶುರು ಮಾಡಿದೆ.

ಸಾಹೇಬನ ಅಕೌಂಟಿಗೆ ಆರು ತಿಂಗಳು ಮೀರಿತ್ತು, ನಿಯಮದ ಪ್ರಕಾರ ತಪ್ಪು ಹಿಡಿಯುವಂತಿರಲಿಲ್ಲ. ಮೇನೇಜರು ಫಾರಂ ಮುಂದಿಟ್ಟುಕೊಂಡು, ಅವನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು, ಈ ಹುಡುಗನ ವಿಷಯ ನಿಮಗೆ ಏನು ಗೊತ್ತು?

ಸಾಹೇಬ ಗಂಟಲು ಸರಿಮಾಡಿಕೊಂಡ. ಕನ್ನಡದಲ್ಲೇ ಉತ್ತರ ಕೊಟ್ಟ, ಒಂದೊಂದೇ ಮಾತನ್ನು ಬೆಟ್ಟ ಹತ್ತಿದಂತೆ ಹತ್ತಿ.

"ಇವ್ನಿಗೆ ಇಡೀ ದುರ್ಗ ಗೊತ್ತೈತೆ."

ಉಸಿರು ತೆಗೆದುಕೊಂಡ.

"ದುರ್ಗಕ್ಕೆ ಇವ್ನು ಗೊತ್ತಿಲ್ಲ."

ಬೆರಳನ್ನು ತನ್ನ ಎದೆಯ ಕಡೆ ತಿರುಗಿಸಿದ.

"ನಂಗೆ ಗೊತ್ತು. ಒಳ್ಳೇ ಹುಡ್ಗ. ಬುರುಡೆ ಜಾಸ್ತಿ."

ಮೇನೇಜರು ಫಾರಂ ಮೇಲೆ ಪೆನ್ನು ಊರಿ ನನ್ನ ಮುಖ ನೋಡಿದರು. "ಕೊನೇದನ್ನೂ ಬರ್ಕಳ್ಳಲೇನಪ್ಪ?"

"ಬರ್ಕಳ್ರಿ ಸಾರ್," ಅಂದೆ. "ಈ ಊರಾಗೆ ನನ್ ಬಗ್ಗೆ ಒಂದ್ ಕಡೆಯಾದ್ರೂ ಸರಿಯಾಗಿ ಬರ್ದಿರ್ಲಿ."